ನಿಮ್ಮ ಕೈ ಎಲ್ಲಿದೆ? ಚಲನೆಯ ಬೆಳವಣಿಗೆ ತಡವಾದ ಮಗುವಿಗೆ ಮನೆಯಲ್ಲೇ ಫಿಸಿಯೋಥೆರಪಿ

"ದಿನಕ್ಕೆ ಎಷ್ಟು ಸಲ ಕಾಲು ಮಡಚಿ ಬಿಡಿಸಬೇಕು?" ಕತ್ತು ನಿಲ್ಲದ, ಕೂರದ, ನಡೆಯದ ಮಗುವನ್ನು ಎತ್ತಿಕೊಂಡು ಬರುವ ತಂದೆತಾಯಿ ನನ್ನನ್ನು ಮೊದಲು ಕೇಳುವುದು ಇದನ್ನೇ. ನಿಮ್ಮ ಮಗುವಿಗೆ ಅದು ಮುಖ್ಯವಲ್ಲ ಎಂದಾಗ ಅವರ ಮುಖ ಸಪ್ಪಗಾಗುತ್ತದೆ. ಮಲಗಿರುವ ಮಗುವಿನ ಕಾಲನ್ನು ದೊಡ್ಡವರು ಆಡಿಸಿದರೆ ಕೀಲು ಆಡುತ್ತದೆ, ನಿಜ. ಆದರೆ ಅಷ್ಟು ಹೊತ್ತೂ ಕೆಲಸ ಮಾಡಿದವರು ದೊಡ್ಡವರೇ ಹೊರತು ಮಗುವಲ್ಲ. ಮಗುಚಿಕೊಳ್ಳುವುದನ್ನಾಗಲಿ ಹೆಜ್ಜೆ ಇಡುವುದನ್ನಾಗಲಿ ಮಿದುಳು ಕಲಿಯುವುದು ತಾನೇ ಯತ್ನಿಸಿ, ತಪ್ಪಿ, ಮುಂದಿನ ಸಲ ತುಸು ತಿದ್ದಿಕೊಂಡು.

ಎಷ್ಟು ಯತ್ನ ಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ತಮ್ಮ ಪಾಡಿಗೆ ಆಡಿಕೊಂಡಿರುವುದನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆಯ ಚಿಕಿತ್ಸೆ ಇದರ ಮುಂದೆ ಯಾವ ಲೆಕ್ಕ? ಆದ್ದರಿಂದ ಚಿಕಿತ್ಸಾ ಕೊಠಡಿಯಲ್ಲಿ ನಡೆಯುವುದನ್ನು ಮನೆಯವರಿಗೆ ಕೊಡುವ ತರಬೇತಿ ಎಂದೇ ತಿಳಿಯಿರಿ. ಮಗುವಿನ ಅಭ್ಯಾಸ ನಡೆಯಬೇಕಾದದ್ದು ಎಚ್ಚರವಿರುವ ಉಳಿದ ಹೊತ್ತಿನಲ್ಲಿ.

ಮೊದಲು ವಯಸ್ಸನ್ನು ಸರಿಯಾಗಿ ಎಣಿಸಿ

ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಎರಡು ವಯಸ್ಸು. 32 ವಾರಕ್ಕೆ ಹುಟ್ಟಿದ ಮಗು ಸುಮಾರು ಎರಡು ತಿಂಗಳು ಮುಂಚೆ ಬಂದಿದೆ. ಹುಟ್ಟಿದ ದಿನದಿಂದ ಅದಕ್ಕೆ 10 ತಿಂಗಳಾಗಿದ್ದರೆ, ಚಲನೆಯ ಮಟ್ಟಿಗೆ 8 ತಿಂಗಳೆಂದೇ ಎಣಿಸಬೇಕು. ಎರಡು ವರ್ಷ ತುಂಬುವವರೆಗೂ ಈ ತಿದ್ದಿದ ವಯಸ್ಸನ್ನೇ ಬಳಸುವುದು ವಾಡಿಕೆ. ಇದೊಂದನ್ನು ಮರೆತು ಅನಗತ್ಯವಾಗಿ ಕಂಗಾಲಾದವರು ಎಷ್ಟೋ ಮಂದಿ.

ಎರಡನೆಯದು, ಪಕ್ಕದ ಮನೆಯ ಮಗುವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಂಕಿಗಳು ಎಷ್ಟು ವಿಶಾಲವಾಗಿವೆ ನೋಡಿ: ಆಸರೆ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲಿಡುವುದು 5.2ರಿಂದ 13.5 ತಿಂಗಳೊಳಗೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಅದೇ ಅಧ್ಯಯನದಲ್ಲಿ ಶೇಕಡ 4ರಷ್ಟು ಮಕ್ಕಳು ಕೈ ಮತ್ತು ಮಂಡಿಯೂರಿ ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋಗಿದ್ದರು. ಅಂಬೆಗಾಲಿಡಲಿಲ್ಲ ಎಂಬ ಒಂದೇ ಕಾರಣಕ್ಕೆ ನಿದ್ದೆಗೆಡಬೇಕಿಲ್ಲ.

ಕಾಯಬಾರದ ಲಕ್ಷಣಗಳು

ಹಾಗೆಂದು "ಅವರಪ್ಪನೂ ತಡವಾಗಿಯೇ ನಡೆದಿದ್ದ" ಎಂಬ ಮಾತನ್ನು ನಂಬಿ ಕೂರುವುದೂ ಸಲ್ಲ. ಈ ಕೆಳಗಿನ ಯಾವುದಾದರೂ ಕಂಡರೆ ಮಕ್ಕಳ ವೈದ್ಯರ ಬಳಿ ಹೋಗಿ:

- 4 ತಿಂಗಳು ಕಳೆದರೂ ಕತ್ತು ನಿಲ್ಲದಿರುವುದು, ಅಥವಾ ಮುಷ್ಟಿ ಸದಾ ಬಿಗಿದೇ ಇರುವುದು
- 9 ತಿಂಗಳಾದರೂ ಆಸರೆ ಇಲ್ಲದೆ ಕೂರದಿರುವುದು, 18 ತಿಂಗಳಾದರೂ ನಡೆಯದಿರುವುದು
- ವರ್ಷ ತುಂಬುವ ಮೊದಲೇ ಒಂದು ಕೈಯನ್ನಷ್ಟೇ ಬಳಸುವುದು. ಇದನ್ನು ಕಂಡು "ಎಡಚ ಇರಬೇಕು" ಎಂದು ನಗುವವರಿದ್ದಾರೆ. ಆ ವಯಸ್ಸಿಗೆ ಎಡ ಬಲದ ಒಲವು ಮೂಡಿರುವುದಿಲ್ಲ. ಇನ್ನೊಂದು ಕೈಗೆ ಏನಾಗಿದೆ ಎಂದು ನೋಡಬೇಕು.
- ಎತ್ತಿದಾಗ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವುದು, ಇಲ್ಲವೆ ಮೈಯೆಲ್ಲ ಸಡಿಲವಾಗಿ ಕೈಯಿಂದ ಜಾರುವಂತಿರುವುದು
- ಕಲಿತದ್ದನ್ನು ಮರೆಯುವುದು: ಕೂರುತ್ತಿದ್ದ ಮಗು ಕೂರುವುದನ್ನು ಬಿಟ್ಟರೆ ತಡಮಾಡಲೇಬಾರದು

ಇನ್ನೊಂದು ಲಕ್ಷಣವನ್ನು ಪ್ರತ್ಯೇಕವಾಗಿಯೇ ಹೇಳುತ್ತೇನೆ. ಹೆಚ್ಚಾಗಿ ನಿದ್ದೆಯಿಂದ ಎದ್ದಾಗ, ಮಗು ಥಟ್ಟನೆ ಬೆಚ್ಚಿದಂತೆ ಬಾಗಿ ಕೈಗಳನ್ನು ಚಾಚುವುದು, ಕೆಲವು ಸೆಕೆಂಡು ಬಿಟ್ಟು ಮತ್ತೆ ಹಾಗೆಯೇ ಮಾಡುವುದು, ಇದು ಸಾಲಾಗಿ ಬರುತ್ತಿದ್ದರೆ ಅದು ಶಿಶು ಸೆಳೆತ, ಅಂದರೆ ಒಂದು ಬಗೆಯ ಅಪಸ್ಮಾರವಿರಬಹುದು. ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡು ಅಂದೇ ಆಸ್ಪತ್ರೆಗೆ ಹೋಗಿ. ವ್ಯಾಯಾಮದ ಮಾತು ಆಮೇಲೆ.

ತಡ ಎಂಬುದು ರೋಗದ ಹೆಸರಲ್ಲ. ಅದರ ಹಿಂದೆ ಥೈರಾಯ್ಡ್ ಕೊರತೆ ಇರಬಹುದು, ವಿಟಮಿನ್ ಡಿ ಕೊರತೆ ಇರಬಹುದು, ಸೊಂಟದ ಕೀಲು ಜಾರಿರಬಹುದು, ಮಿದುಳಿನ ಹಾನಿಯಿಂದ ಚಲನೆ ಕುಂದುವ ಸೆರೆಬ್ರಲ್ ಪಾಲ್ಸಿ ಇರಬಹುದು, ಡೌನ್ ಸಿಂಡ್ರೋಮ್ ಇರಬಹುದು, ಸ್ನಾಯುವಿನ ಕಾಯಿಲೆ ಇರಬಹುದು. 18 ತಿಂಗಳಾದರೂ ನಡೆಯದ ಗಂಡು ಮಗುವಿಗೆ ಸಿಕೆ ಎಂಬ ಸರಳ ರಕ್ತಪರೀಕ್ಷೆಯನ್ನು ಬರೆದುಕೊಡುವುದು ಡುಶೆನ್ ಸ್ನಾಯುಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಕಣ್ಣು, ಕಿವಿಗಳ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ನೋಡಲು ಏನೂ ಕಾಣದ ಮಗು ತಲೆ ಎತ್ತುವುದಾದರೂ ಯಾತಕ್ಕೆ? ಕಾರಣ ಪತ್ತೆಯಾಗಲು ತಿಂಗಳುಗಳೇ ಹಿಡಿಯಬಹುದು. ಫಿಸಿಯೋಥೆರಪಿ ಅಷ್ಟು ದಿನ ಕಾಯಬೇಕಿಲ್ಲ. ವೈದ್ಯರು ಒಪ್ಪಿದರೆ ಎರಡೂ ಜೊತೆಯಲ್ಲೇ ನಡೆಯಲಿ.

ಮೊದಲ ಭೇಟಿ

ಹೆರಿಗೆಯ ದಾಖಲೆ, ಹುಟ್ಟಿದಾಗಿನ ತೂಕ, ತೀವ್ರ ನಿಗಾ ಘಟಕದಲ್ಲಿದ್ದರೆ ಅಲ್ಲಿನ ಬಿಡುಗಡೆ ಪತ್ರ, ಮನೆಯಲ್ಲಿ ತೆಗೆದ ಎರಡು ಮೂರು ವಿಡಿಯೊ ಕೊಂಡೊಯ್ಯಿರಿ. ಹೊಸ ಜಾಗದಲ್ಲಿ ಮಗು ಮುದುಡಿಕೊಳ್ಳುತ್ತದೆ. ಮನೆಯಲ್ಲಿ ಅದು ನಿಜವಾಗಿ ಏನು ಮಾಡುತ್ತದೆ ಎಂದು ತೋರಿಸುವುದು ಆ ವಿಡಿಯೊಗಳೇ.

ಒಳ್ಳೆಯ ಫಿಸಿಯೋಥೆರಪಿಸ್ಟ್ ಮೊದಲ ಹತ್ತು ನಿಮಿಷ ಮಗುವನ್ನು ಮುಟ್ಟುವುದೇ ಇಲ್ಲ, ಸುಮ್ಮನೆ ನೋಡುತ್ತಾರೆ. ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. ನಂತರ ಯಾವುದಾದರೂ ಅಳತೆಪಟ್ಟಿಯನ್ನು ಬಳಸಬಹುದು. ಹುಟ್ಟಿನಿಂದ ನಡಿಗೆ ಬರುವವರೆಗಿನ ಚಲನೆಗಳನ್ನು 58 ಅಂಶಗಳಲ್ಲಿ ನೋಡುವ ಅಲ್ಬರ್ಟಾ ಶಿಶು ಚಲನಾ ಮಾಪಕ, ನರಮಂಡಲವನ್ನು 26 ಅಂಶಗಳಲ್ಲಿ ಪರೀಕ್ಷಿಸಿ 78ಕ್ಕೆ ಅಂಕ ಕೊಡುವ ಹ್ಯಾಮರ್‌ಸ್ಮಿತ್ ಪರೀಕ್ಷೆ ಹೆಚ್ಚು ಬಳಕೆಯಲ್ಲಿವೆ. ಅಂಕವನ್ನು ಬರೆದುಕೊಳ್ಳಿ, ಆದರೆ ಅದಕ್ಕೇ ಅಂಟಿಕೊಳ್ಳಬೇಡಿ. ಹೊರಡುವ ಮೊದಲು ನೀವು ಪಡೆಯಬೇಕಾದದ್ದು ಒಂದು ಗುರಿ. "ಸ್ನಾಯುಬಲ ಹೆಚ್ಚಿಸುವುದು" ಗುರಿಯಲ್ಲ, ಅದನ್ನು ನೀವು ಮನೆಯಲ್ಲಿ ಕಣ್ಣಾರೆ ನೋಡಲಾರಿರಿ. "ಆರು ವಾರದಲ್ಲಿ, ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಚೆಂಡು ಹಿಡಿದು ಒಂದು ನಿಮಿಷ ಆಡುವುದು", ಇದು ಗುರಿ.

ಮನೆಯ ಅಭ್ಯಾಸ: ಬೋರಲು ಮಲಗುವುದರಿಂದ ಶುರು

ಮಲಗಿಸಿ ನಿದ್ದೆ ಮಾಡಿಸುವುದು ಯಾವಾಗಲೂ ಬೆನ್ನ ಮೇಲೆಯೇ. ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರಿಗೆ, ಬೋರಲು. ತೆವಳಲು ಬಾರದ ಶಿಶುಗಳಿಗೆ ದಿನವಿಡೀ ಹಂಚಿಕೊಂಡು ಕನಿಷ್ಠ 30 ನಿಮಿಷ ಇದು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಒಂದೇ ಸಲಕ್ಕೆ ಅರ್ಧ ಗಂಟೆಯಲ್ಲ. ಎರಡು ನಿಮಿಷದಂತೆ ಹದಿನೈದು ಸಲವಾದರೂ ಆಯಿತು. ಬಟ್ಟೆ ಬದಲಿಸಿದಾಗಲೆಲ್ಲ ಒಂದು ಸಲ ಎಂದು ಗಂಟು ಹಾಕಿಕೊಂಡರೆ ಮರೆಯುವುದಿಲ್ಲ. ಹಾಲು ಕುಡಿದ ಕೂಡಲೇ ಮಾತ್ರ ಬೇಡ.

ಬೋರಲು ಹಾಕಿದ ತಕ್ಷಣ ಅಳುವ ಮಗುವಿಗೆ ನೆಲ ಬಹಳ ಕಷ್ಟ. ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ ಎದೆಯ ಕೆಳಗೆ, ಕಂಕುಳಿನ ಮಟ್ಟಕ್ಕೆ ಇಡಿ, ಎರಡೂ ತೋಳುಗಳು ಸುರುಳಿಯ ಮುಂದಕ್ಕೆ ಬರಲಿ. ಒಂದು ಅಂಗೈಯನ್ನು ಮಗುವಿನ ಕುಂಡೆಯ ಮೇಲೆ ಹಗುರವಾಗಿ ಊರಿದರೆ ಭಾರ ಹಿಂದಕ್ಕೆ ಸರಿದು ತಲೆ ಏಳುವುದು ಸುಲಭವಾಗುತ್ತದೆ. ಅದೂ ಆಗದಿದ್ದರೆ ನೀವು ಒರಗಿ ಕೂತು ಮಗುವನ್ನು ಎದೆಯ ಮೇಲೆ ಬೋರಲು ಹಾಕಿಕೊಳ್ಳಿ. ನೀವು ಎಷ್ಟು ನೆಟ್ಟಗೆ ಕೂರುತ್ತೀರೋ ಅದಕ್ಕೆ ಅಷ್ಟು ಸುಲಭ, ಎಷ್ಟು ಹಿಂದಕ್ಕೆ ಒರಗುತ್ತೀರೋ ಅಷ್ಟು ಕಷ್ಟ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಒರಗುತ್ತಾ ಹೋಗಿ. ಎದುರಿಗೆ ಆಟಿಕೆ ಬೇಕಿಲ್ಲ, ನಿಮ್ಮ ಮುಖವೇ ಸಾಕು.

ಮಗುಚಿಕೊಳ್ಳುವುದನ್ನು ಬೆನ್ನಿನಿಂದಲ್ಲ, ಪಕ್ಕಕ್ಕೆ ಮಲಗಿಸಿ ಆರಂಭಿಸಿ. ಅರ್ಧ ದಾರಿ ಆಗಲೇ ಮುಗಿದಿರುತ್ತದೆ. ಬೆನ್ನ ಹಿಂದೆ ದಿಂಬು ಇಟ್ಟು, ಆಟಿಕೆಯನ್ನು ಕಣ್ಣಿನ ಮಟ್ಟದಿಂದ ತುಸು ಮೇಲಕ್ಕೆ, ಮುಂದಕ್ಕೆ ಸರಿಸಿ. ಇನ್ನು ಹತ್ತರವರೆಗೆ ಎಣಿಸುತ್ತಾ ಸುಮ್ಮನಿರಿ. ಇಡೀ ಲೇಖನದಲ್ಲಿ ಅತಿ ಕಷ್ಟದ ಸಲಹೆ ಇದೇ. ಇಂಥ ಮಕ್ಕಳಿಗೆ ಯೋಚನೆ ಚಲನೆಯಾಗಲು ಹೆಚ್ಚು ಹೊತ್ತು ಬೇಕು. ಮೂರನೆಯ ಸೆಕೆಂಡಿಗೇ ನಾವು ತಳ್ಳಿಬಿಟ್ಟರೆ, ಏಳನೆಯ ಸೆಕೆಂಡಿಗೆ ತಾನಾಗಿ ಬರಬಹುದಾಗಿದ್ದ ಯತ್ನ ಅಲ್ಲಿಗೇ ಮುಗಿಯಿತು. ಹತ್ತಾದರೂ ಬಾರದಿದ್ದರೆ ಸೊಂಟಕ್ಕೆ ಎರಡು ಬೆರಳಿನಷ್ಟು ನೆರವು ಕೊಡಿ, ಉಳಿದದ್ದನ್ನು ಮಗುವಿಗೆ ಬಿಡಿ.

ಕೂರುವುದು

ಹೆಚ್ಚು ತಪ್ಪುಗಳಾಗುವುದು ಇಲ್ಲಿ, ಹೆಚ್ಚು ಫಲ ಸಿಗುವುದೂ ಇಲ್ಲಿಯೇ. ಸುತ್ತ ದಿಂಬು ತುರುಕಿ ಮಗುವನ್ನು ಗೊಂಬೆಯಂತೆ ಕೂರಿಸುತ್ತಾರೆ. ಮಗು ಅಲುಗಾಡದೆ ಕೂತಿರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಅಲುಗಾಡದಿದ್ದರೆ ಕಲಿಯುವುದಕ್ಕೆ ಏನೂ ಇಲ್ಲ. ವಾಲಿದಾಗ ಸಾವರಿಸಿಕೊಳ್ಳುವುದೇ ಕೂರುವ ವಿದ್ಯೆ.

ನಿಮ್ಮ ಕೈ ಎಷ್ಟು ಎತ್ತರದಲ್ಲಿರಬೇಕು ಎಂಬುದರಿಂದ ಶುರುಮಾಡಿ. ಮಗುವಿನ ಹಿಂದೆ ಕೂತು ಎರಡೂ ಕೈಗಳಿಂದ ಪಕ್ಕೆಗಳನ್ನು ಹಿಡಿಯಿರಿ. ತಲೆ, ಭುಜ ನೆಟ್ಟಗೆ ನಿಂತವೇ? ಹಾಗಿದ್ದರೆ ಕೈಯನ್ನು ಒಂದಿಷ್ಟು ಕೆಳಕ್ಕೆ, ಕೊನೆಯ ಪಕ್ಕೆಲುಬಿನ ಬಳಿಗೆ ಇಳಿಸಿ. ಮಗು ತುಸು ತೂಗಾಡಿ ಮತ್ತೆ ನೆಟ್ಟಗಾದರೆ ಸರಿಯಾದ ಜಾಗ ಸಿಕ್ಕಿತು. ಕುಸಿದುಬಿಟ್ಟರೆ ಒಂದು ಹಂತ ಮೇಲಕ್ಕೆ ಹೋಗಿ. ಅಲುಗಾಡದೆ ಕೂತರೆ ಆಸರೆ ಹೆಚ್ಚಾಯಿತು, ಇನ್ನೂ ಇಳಿಸಿ. ಪಕ್ಕೆಯಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ, ಹೀಗೆ ಇಳಿಯುವ ಪ್ರಯಾಣಕ್ಕೆ ವಾರಗಳು ಬೇಕಾಗಬಹುದು, ತಿಂಗಳುಗಳೂ ಬೇಕಾಗಬಹುದು.

ಮಗು ಮೊದಲು ಮುಂದಕ್ಕೆ ಕೈಯೂರಿ ಕೂರುತ್ತದೆ. ಬಳಿಕ ಪಕ್ಕಕ್ಕೆ ಬೀಳುವಾಗ ಕೈ ಕೊಡುವುದನ್ನು ಕಲಿಯುತ್ತದೆ. ಹಿಂದಕ್ಕೆ ಕೈ ಕೊಡುವುದು ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ದಿಂಬು ಇಡುವುದಾದರೆ ಬೆನ್ನ ಹಿಂದೆ, ಒಂದು ಗೇಣು ಬಿಟ್ಟು. ಆಟಿಕೆಯನ್ನು ಮೊದಲು ಎದುರಿಗೆ ನೆಲದ ಮೇಲೆ ಇಡಿ, ಆಮೇಲೆ ಎದೆಯ ಎತ್ತರದ ಪೆಟ್ಟಿಗೆಯ ಮೇಲೆ, ಆಮೇಲೆ ಪಕ್ಕಕ್ಕೆ, ಕೈ ಚಾಚಿದರೆ ಇನ್ನೇನು ಸಿಕ್ಕೀತು ಎನ್ನುವಷ್ಟು ದೂರದಲ್ಲಿ. ಸುಲಭವಾಗಿ ಸಿಕ್ಕರೆ ಮಗುವಿಗೆ ಬೇಸರ, ಸಿಗದೇ ಹೋದರೆ ಸಿಟ್ಟು. ನಡುವಿನ ಆ ದೂರವನ್ನು ಕಂಡುಕೊಳ್ಳಲು ಪುಸ್ತಕದ ವಿದ್ಯೆ ಸಾಲದು, ತಾಯಂದಿರು ನನಗಿಂತ ಬೇಗ ಕಂಡುಹಿಡಿಯುತ್ತಾರೆ.

ಕೂರಿಸಿದರೆ ಕೂರುತ್ತದೆ, ತಾನಾಗಿ ಎದ್ದು ಕೂರಲು ಬಾರದು ಎಂಬ ಮಕ್ಕಳು ಬಹಳ. ಇದಕ್ಕೆ ಪರಿಹಾರ ದಿನದ ಕೆಲಸದಲ್ಲೇ ಇದೆ. ಮಲಗಿದ ಮಗುವನ್ನು ಎರಡೂ ಕಂಕುಳಿಗೆ ಕೈಹಾಕಿ ನೇರವಾಗಿ ಎತ್ತಬೇಡಿ. ಮೊದಲು ಪಕ್ಕಕ್ಕೆ ಹೊರಳಿಸಿ, ಕೆಳಗಿನ ಮೊಣಕೈ ಮೇಲೆ ಭಾರ ಬರುವಂತೆ ಮಾಡಿ, ಮೇಲಿನ ಸೊಂಟವನ್ನು ನಿಧಾನವಾಗಿ ಹಿಂದಕ್ಕೆ, ಕೆಳಕ್ಕೆ ಒತ್ತಿ. ಮೊಣಕೈಯಿಂದ ಅಂಗೈಗೆ, ಅಂಗೈಯಿಂದ ನೆಟ್ಟಗೆ ಮಗು ಏಳುತ್ತದೆ. ಒಂದು ಸಲ ಬಲಗಡೆಯಿಂದ, ಮುಂದಿನ ಸಲ ಎಡಗಡೆಯಿಂದ. ದಿನಕ್ಕೆ ಇಪ್ಪತ್ತು ಸಲ ಹೇಗೂ ಎತ್ತುತ್ತೀರಿ, ಇಪ್ಪತ್ತು ಅಭ್ಯಾಸವೂ ಆಗಿಹೋಯಿತು. ಮನೆಯ ಎಲ್ಲರೂ ಹೀಗೆಯೇ ಎತ್ತಲಿ. ಒಬ್ಬರು ಕಲಿಸಿದ್ದನ್ನು ಇನ್ನೊಬ್ಬರು ಪ್ರೀತಿಯಿಂದ ಮರೆಸುವುದು ಉಂಟು.

ನಿಲ್ಲುವುದು, ನಡೆಯುವುದು

ನಿಲ್ಲಿಸುವುದಕ್ಕಿಂತ ಏಳುವುದನ್ನು ಕಲಿಸಿ. ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ತಗ್ಗಾದ ಮಣೆಯ ಮೇಲೆ ಮಗುವನ್ನು ಕೂರಿಸಿ, ಇಲ್ಲವೆ ನೀವು ಕಾಲು ಚಾಚಿ ಕೂತು ನಿಮ್ಮ ತೊಡೆಯ ಮೇಲೆ ಕೂರಿಸಿಕೊಳ್ಳಿ. ಎದುರಿನ ಮೇಜಿನ ಮೇಲೆ ಇಷ್ಟದ ವಸ್ತು ಇರಲಿ. ಮೂಗು ಕಾಲ್ಬೆರಳಿಗಿಂತ ಮುಂದಕ್ಕೆ ಬರುವಂತೆ ಬಾಗಿದರೆ ಏಳುವುದು ತಾನಾಗಿ ಆಗುತ್ತದೆ. ನಿಮ್ಮ ಕೈ ಇರಬೇಕಾದದ್ದು ಮಂಡಿಯ ಮೇಲೆ, ಕಂಕುಳಿನಲ್ಲಲ್ಲ. ಮತ್ತೆ ನಿಧಾನವಾಗಿ ಕೂರುವುದೂ ಅಷ್ಟೇ ಮುಖ್ಯ. ಧೊಪ್ಪನೆ ಕುಸಿಯುವ ಮಗುವಿನ ತೊಡೆಗೆ ಇನ್ನೂ ಬಲ ಬರಬೇಕು.

ನಿಂತ ಮೇಲೆ ಮೇಜಿನ ಅಂಚು ಹಿಡಿದು ಪಕ್ಕಕ್ಕೆ ಹೆಜ್ಜೆ. ನಂತರ ಎರಡು ಆಸರೆಗಳ ನಡುವೆ ಒಂದು ಗೇಣು ಅಂತರ, ಅದನ್ನು ದಿನಗಳೆದಂತೆ ಹೆಚ್ಚಿಸಿ. ಭಾರ ತುಂಬಿದ ತಳ್ಳುಗಾಡಿಯೂ ಒಳ್ಳೆಯದು, ಹಗುರವಾದದ್ದು ಮಾತ್ರ ಮಗುವಿಗಿಂತ ಮುಂದೆ ಓಡಿಬಿಡುತ್ತದೆ. ಎರಡೂ ಕೈಯನ್ನು ತಲೆಯ ಮೇಲಕ್ಕೆ ಎಳೆದು ನಡೆಸಬೇಡಿ. ಹಾಗೆ ತೂಗುಬಿದ್ದ ಮಗು ತುದಿಗಾಲಿನಲ್ಲಿ ಮುಂದಕ್ಕೆ ವಾಲುತ್ತದೆ, ಸಮತೋಲನವೆಲ್ಲ ನಿಮ್ಮದೇ. ಸೊಂಟದ ಬಳಿ ಹಿಡಿಯಿರಿ. ಮನೆಯೊಳಗೆ ಬರಿಗಾಲು ಇರಲಿ, ನೆಲದ ಸುದ್ದಿ ಮಿದುಳಿಗೆ ಮುಟ್ಟುವುದು ಪಾದದಿಂದ.

ಚಕ್ರವಿರುವ ಬೇಬಿ ವಾಕರ್ ಬೇಡವೇ ಬೇಡ. ಅದು ನಡಿಗೆಯನ್ನು ಬೇಗ ತರುವುದಿಲ್ಲ. ಮೆಟ್ಟಿಲಿನಿಂದ ಉರುಳಿ ಆಗುವ ಗಾಯಗಳ ಕಾರಣಕ್ಕೆ ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.

ಎಲ್ಲ ಮಕ್ಕಳಿಗೂ ಒಂದೇ ಪಾಠವಲ್ಲ

ಮೈ ಸಡಿಲವಿರುವ ಮಗುವನ್ನು ಕೈ ಹಿಡಿದು ಎಳೆದು ಎತ್ತಬಾರದು, ಭುಜದ ಕೀಲಿಗೆ ಅಪಾಯ. ಮಲಗಿಸಿದಾಗ ತೊಡೆಗಳು ಕಪ್ಪೆಯಂತೆ ಹೊರಕ್ಕೆ ಬಿದ್ದುಕೊಂಡಿದ್ದರೆ ಎರಡೂ ಪಕ್ಕ ಬಟ್ಟೆಯ ಸುರುಳಿ ಇಟ್ಟು ಒಳಕ್ಕೆ ತನ್ನಿ, ಆದರೆ ನಿದ್ದೆಯ ವೇಳೆಯಲ್ಲಿ ಅವುಗಳನ್ನು ತೆಗೆದುಬಿಡಿ. ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಮೇಲಿನ ಎಲುಬುಗಳ ಬಂಧ ಸಡಿಲವಿರಬಹುದು. ಲಾಗ ಹೊಡೆಸುವಂಥ, ಕತ್ತನ್ನು ಬಲವಾಗಿ ಬಗ್ಗಿಸುವ ಆಟ ಬೇಡ. ಈ ಮಕ್ಕಳ ಬಗ್ಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ಅಮೆರಿಕದ ಡೇಲ್ ಉಲ್ರಿಚ್ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಐದು ದಿನ, ದಿನಕ್ಕೆ 8 ನಿಮಿಷ ತಂದೆತಾಯಿ ಹಿಡಿದುಕೊಂಡು ಪುಟ್ಟ ಟ್ರೆಡ್‌ಮಿಲ್ ಮೇಲೆ ಹೆಜ್ಜೆ ಹಾಕಿಸಿದ ಮಕ್ಕಳು ಉಳಿದವರಿಗಿಂತ ಸುಮಾರು 101 ದಿನ ಮೊದಲೇ ತಾವಾಗಿ ನಡೆದರು. ಎಂಟೇ ನಿಮಿಷ, ಆದರೆ ಹೆಜ್ಜೆ ಹಾಕಿದ್ದು ಮಗುವೇ.

ಮೈ ಬಿಗಿಯಿರುವ ಮಗುವನ್ನು ಅವಸರದಿಂದ ಎಳೆದರೆ ಬಿಗಿತ ಇನ್ನಷ್ಟು ಏರುತ್ತದೆ. ನಿಧಾನವಾಗಿ ಹಿಡಿದು, ಕಾಲುಗಳನ್ನು ಅಗಲಿಸಿ ನಿಮ್ಮ ಸೊಂಟದ ಎರಡೂ ಕಡೆ ಬರುವಂತೆ ಎತ್ತಿಕೊಳ್ಳಿ. ಸೆರೆಬ್ರಲ್ ಪಾಲ್ಸಿ ಇದೆಯೆಂದಾದರೆ ಸೊಂಟದ ಕೀಲಿನ ಎಕ್ಸ್‌ರೇ ಯಾವಾಗ ಯಾವಾಗ ಎಂದು ವೈದ್ಯರನ್ನು ಕೇಳಿ. ಕೀಲು ನೋವಿಲ್ಲದೆಯೇ ಜಾರುತ್ತಿರಬಹುದು. ಒಂದು ಪಕ್ಕ ಮಾತ್ರ ದುರ್ಬಲವಾಗಿದ್ದರೆ ದೊಡ್ಡ ಚೆಂಡು, ಮುಚ್ಚಳವಿರುವ ಡಬ್ಬಿ, ಹೀಗೆ ಎರಡು ಕೈ ಬೇಡುವ ವಸ್ತುಗಳನ್ನೇ ಕೊಡಿ. ಚೆನ್ನಾಗಿರುವ ಕೈಗೆ ಸ್ವಲ್ಪ ಹೊತ್ತು ಮೃದುವಾದ ಕೈಗವಸು ತೊಡಿಸಿ ಇನ್ನೊಂದನ್ನು ದುಡಿಸುವ ಕ್ರಮ ಪರಿಣಾಮಕಾರಿಯೇ, ಆದರೆ ಅದನ್ನು ಚಿಕಿತ್ಸಕರ ಯೋಜನೆಯಿಲ್ಲದೆ ಮಾಡಬೇಡಿ.

ಪಾದದ ಪಟ್ಟಿ, ನಿಲ್ಲಿಸುವ ಚೌಕಟ್ಟು, ಹಿಡಿದು ನಡೆಯುವ ಸಾಧನ ಬರೆದುಕೊಟ್ಟರೆ "ಅದಕ್ಕೇ ಒಗ್ಗಿಹೋಗುತ್ತದೆ" ಎಂದು ಹಿಂಜರಿಯಬೇಡಿ. ಸಾಧನ ಹಿಡಿದು ನಾಲ್ಕು ಕೋಣೆ ಸುತ್ತುವ ಮಗು, ಕೂತಲ್ಲೇ ಕೂತ ಮಗುವಿಗಿಂತ ಹೆಚ್ಚು ಅಭ್ಯಾಸ ಮಾಡುತ್ತದೆ. ಕೆಲವು ಮಕ್ಕಳ ಪಾಲಿಗೆ ತಾನಾಗಿ ನಡೆಯುವುದು ಬಾರದ ಮಾತು. 1997ರಿಂದ ಬಳಕೆಯಲ್ಲಿರುವ, ಜಿಎಂಎಫ್‌ಸಿಎಸ್ ಎಂಬ ಐದು ಹಂತಗಳ ವರ್ಗೀಕರಣವು ಸೆರೆಬ್ರಲ್ ಪಾಲ್ಸಿ ಇರುವ ಮಗು ಚಲನೆಯ ಸಾಮರ್ಥ್ಯದಲ್ಲಿ ಯಾವ ಹಂತದಲ್ಲಿದೆ ಎಂದು ತಿಳಿಸುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳುವುದಕ್ಕೆ ಧೈರ್ಯ ಬೇಕು. ತಿಳಿದವರು ಗುರಿಯನ್ನು ಸರಿಯಾಗಿ ಆಯ್ದುಕೊಳ್ಳುತ್ತಾರೆ. ಕೂತು ತಾನೇ ತುತ್ತು ಬಾಯಿಗಿಡುವುದೂ, ಗಾಲಿಕುರ್ಚಿಯನ್ನು ತಾನೇ ಓಡಿಸುವುದೂ ಗುರಿಗಳೇ.

ಅತ್ತರೆ ಏನು ಮಾಡುವುದು?

ಗೊಣಗುವ ಅಳು, ಕೆಲಸ ಕಷ್ಟವಾಗಿದೆ ಎಂಬ ದೂರು. ಅದಕ್ಕೆ ಕೆಲಸವನ್ನು ತುಸು ಸುಲಭ ಮಾಡಿ, ಬಿಡಬೇಡಿ. ಮೈ ಸೆಟೆದು ಉಸಿರು ಕಟ್ಟುವ ಅಳುವಾದರೆ ತಕ್ಷಣ ನಿಲ್ಲಿಸಿ. "ಅತ್ತರೇ ಬಲ ಬರುವುದು" ಎಂದು ಹೇಳಿ ಮಗುವನ್ನು ಕಿರುಚಿಸುತ್ತಾ ಎಳೆಯುವ, ತಿಕ್ಕುವ ಕಡೆಗೆ ಕರೆದೊಯ್ಯಬೇಡಿ. ಹೆದರಿದ ಮಗು ಕಲಿಯುವುದು ಆ ಕೋಣೆಗೆ ಹೋಗಬಾರದೆಂಬುದನ್ನು ಮಾತ್ರ. ಜ್ವರ, ವಾಂತಿ, ಲಸಿಕೆಯ ಮರುದಿನ ರಜೆ. ನೀವು ಬಳಲಿ ಬಸವಳಿದ ದಿನವೂ ರಜೆಯೇ ಇರಲಿ, ಆ ದಿನ ಬರೀ ಎತ್ತಿಕೊಂಡು ಕೂತರೂ ನಡೆಯುತ್ತದೆ.

ಮುಂದುವರಿಕೆಯನ್ನು ಅಳೆಯುವುದು

ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಅದೇ ತಾರೀಖು, ಅದೇ ಜಾಗ, ಅದೇ ಆಟಿಕೆಯೊಂದಿಗೆ ಎರಡು ನಿಮಿಷದ ವಿಡಿಯೊ ತೆಗೆದಿಡಿ. ಆರರಿಂದ ಎಂಟು ವಾರದ ಪ್ರಾಮಾಣಿಕ ಅಭ್ಯಾಸದ ನಂತರವೂ ಏನೂ ಬದಲಾಗದಿದ್ದರೆ ಮಗುವನ್ನು ದೂರದೆ ಯೋಜನೆಯನ್ನು ಬದಲಿಸಲು ಚಿಕಿತ್ಸಕರನ್ನು ಕೇಳಿ. ಗುರಿ ದೊಡ್ಡದಾಯಿತೇ, ಆಟಿಕೆ ಹಿಡಿಸಲಿಲ್ಲವೇ, ಆಸರೆ ಹೆಚ್ಚಾಯಿತೇ ಎಂದು ಒಂದೊಂದಾಗಿ ನೋಡಬೇಕು. ಎರಡು ತಿಂಗಳ ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಮಗುವನ್ನಷ್ಟೇ ನೋಡಬೇಡಿ, ನಿಮ್ಮ ಕೈಯನ್ನೂ ನೋಡಿ. ಕಳೆದ ತಿಂಗಳು ಪಕ್ಕೆಯ ಮೇಲಿದ್ದದ್ದು ಈ ತಿಂಗಳು ಸೊಂಟಕ್ಕೆ ಇಳಿದಿದೆಯೇ?